ಏರಿ ಇಲ್ಲದ ನೀರು

ನಮ್ಮ ಮನೆಯ ಸಮುದ್ರ ಹುಟ್ಟಿದ್ದು ಹುಣಸೆ ಬೀಜದ ಅಂಟಿನಲ್ಲಿ. ಬೀಜವನ್ನು ಹುರಿದು, ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಒರಳಿನಲ್ಲಿ ನುಣ್ಣಗೆ ರುಬ್ಬಿ, ನೀರು ಬೆರೆಸಿ ಕುದಿಸಿದರೆ ಅಂಟು ಸಿದ್ಧ. ರುಬ್ಬಿದವಳು ನಾನೇ. ಆ ವಾಸನೆ ಎಷ್ಟೋ ದಿನ ನನ್ನ ಕೈಬೆರಳಲ್ಲಿ ಇತ್ತು. ರೊಟ್ಟಿ ತಟ್ಟುವಾಗಲೂ ಬರುತ್ತಿತ್ತು, ಮಗುವಿಗೆ ಎಣ್ಣೆ ಹಚ್ಚುವಾಗಲೂ ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಚನ್ನಗಿರಿಯ ಬಜಾರಿನಲ್ಲಿ ನಮ್ಮ ಯಜಮಾನರ ಫೋಟೊ ಸ್ಟುಡಿಯೊ ಇತ್ತು, ಅದರ ಹಿಂಭಾಗದಲ್ಲೇ ನಮ್ಮ ಮನೆ. ನಡುವೆ ಒಂದು ಬಾಗಿಲು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಸ್ಟುಡಿಯೊದಲ್ಲಿ ಕೋಟು ಹಾಕಿಕೊಂಡು ಕೂತವರು ಸೀನುತ್ತಿದ್ದರು. 'ಸ್ವಲ್ಪ ತಡೀ' ಎಂದು ಇವರು ಕ್ಯಾಮೆರಾದ ಕರಿಬಟ್ಟೆಯ ಒಳಗಿಂದಲೇ ಕೂಗುತ್ತಿದ್ದರು. ಕೂತವರಿಗೋ ಒಳಗಿದ್ದ ನನಗೋ ಯಾರಿಗೆ ಹೇಳಿದ್ದೆಂದು ಗೊತ್ತಾಗದೆ ಇಬ್ಬರೂ ತಡೆಯುತ್ತಿದ್ದೆವು.

ಮಾವ, ಎಂದರೆ ಇವರ ತಂದೆ, ಬೋರ್ಡು ಬರೆಯುವವರು. ಬಜಾರಿನ ಅಡಿಕೆ ಮಂಡಿಗಳ ಮೇಲೆ, ಜವಳಿ ಅಂಗಡಿಗಳ ಮೇಲೆ, ಹೊನ್ನಾಳಿ ನ್ಯಾಮತಿ ಕಡೆ ಹೋಗುವ ಬಸ್ಸುಗಳ ಹಣೆಯ ಮೇಲೆ ಇದ್ದದ್ದು ಅವರ ಅಕ್ಷರ. ದುಂಡಗೆ, ಮೈ ತುಂಬಿಕೊಂಡ ಅಕ್ಷರ. ಓದಲು ಬಾರದವರೂ ನಿಂತು ನೋಡುವಂಥದ್ದು. ಆದರೆ ಆ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಚಹದ ಬಟ್ಟಲು ಬಸಿಯ ಮೇಲೆ ಟಕಟಕ ಎನ್ನುತ್ತಿತ್ತು. ಅವರ ಕಡೆಯ ಬೋರ್ಡು ಒಂದು ಅಡಿಕೆ ಮಂಡಿಯದು. ಮಂಡಿಯವರು ಕೆಳಗೆ ನಿಂತು ತಲೆಯೆತ್ತಿ ನೋಡಿ, "ಯಜಮಾನ್ರೇ, ನಮ್ಮ ಬೋರ್ಡಿಗೆ ಚಳಿ ಬಂದೈತಲ್ರೀ" ಎಂದರಂತೆ. ಮಾವ ಮನೆಗೆ ಬಂದು ನಗುತ್ತಲೇ ಹೇಳಿದರು. ಹೇಳಿದ ಮೇಲೆ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಆಮೇಲೆ ಅವರಿಗೆ ದಿನ ಕಳೆಯುವುದೇ ಕಷ್ಟವಾಯಿತು. ಜಗುಲಿಯ ಮೇಲೆ ಕೂತು ಹೋಗಿ ಬರುವ ಬಸ್ಸುಗಳ ಹಣೆ ನೋಡುತ್ತಿದ್ದರು. ತಾವು ಬರೆದ ಬೋರ್ಡಿನ ಬಸ್ಸು ಬಂದರೆ ಮಾತಾಡುತ್ತಿರಲಿಲ್ಲ. ಬೇರೆಯವರು ಬರೆದದ್ದು ಬಂದರೆ, "'ನ್ಯಾ'ಕ್ಕೆ ಹೊಟ್ಟೇನೇ ಇಲ್ಲ, ಉಪವಾಸ ಐತೆ" ಎನ್ನುತ್ತಿದ್ದರು.

ಸ್ಟುಡಿಯೊದಲ್ಲಿ ಒಂದು ಹಳೆಯ ಪರದೆ ಇತ್ತು. ಕೂತವರ ಹಿಂದೆ ಇಳಿಬಿಡುವ ಪರದೆ. ಅರಮನೆಯ ಕಂಬ, ಮೆಟ್ಟಿಲು, ಮೆಟ್ಟಿಲ ಮೇಲೆ ಹೂಕುಂಡ. ಅದು ಹರಿದು ಹರಿದು ತೇಪೆಯಾಗಿತ್ತು. ಕಂಬದ ನಡುವೆ ತೇಪೆ ಬಂದು, ಅರಮನೆಗೆ ಯಾರೋ ಬರೆ ಹಾಕಿದಂತೆ ಕಾಣುತ್ತಿತ್ತು. ದಾವಣಗೆರೆಯಿಂದ ಹೊಸದು ತರಿಸುವ ಮಾತು ಇವರು ಊಟದ ಹೊತ್ತಿನಲ್ಲಿ ಎತ್ತಿದರು. ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡೇ, "ನಾನು ಬರೀತೀನಿ" ಎಂದರು.

ಇವರು ನನ್ನ ಮುಖ ನೋಡಿದರು, ನಾನು ಸಾರಿನ ಪಾತ್ರೆ ನೋಡಿದೆ.

"ಅರಮನೆ ಬರೆಯಾಕಾಗಲ್ಲ, ಕಂಬ ನೆಟ್ಟಗಿರಬೇಕು," ಎಂದರು ಮಾವ. "ಸಮುದ್ರ ಬರೀತೀನಿ. ಸಮುದ್ರಕ್ಕೆ ಆ ಕಾಟ ಇಲ್ಲ. ಅದೂ ನನ್ನಂಗೇ ಅಲ್ಲಾಡ್ತಿರುತ್ತೆ."

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಇದೊಂದು ಪರದೆ ನಿಂತರೆ ಮಾವ ನಿಲ್ಲುತ್ತಾರೆ, ಇದೂ ಮೂಲೆ ಸೇರಿದರೆ ಇನ್ನು ಅವರು ಕುಂಚ ಮುಟ್ಟುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಕಷ್ಟ ಏನೆಂದರೆ ಮಾವ ಸಮುದ್ರ ನೋಡಿರಲಿಲ್ಲ. ಕ್ಯಾಲೆಂಡರಿನಲ್ಲಿ ಕಂಡದ್ದಷ್ಟೇ. ಅವರಿಗೆ ಗೊತ್ತಿದ್ದ ದೊಡ್ಡ ನೀರು ಸೂಳೆಕೆರೆ. ನನಗೂ ಅಷ್ಟೇ. ನಾನು ಜಗಳೂರಿನವಳು. ನಮ್ಮ ಕಡೆ ನೀರನ್ನು ಬಾವಿಯೊಳಗೆ ಬಗ್ಗಿ ನೋಡಬೇಕಿತ್ತೇ ಹೊರತು ಎದುರಿಗೆ ನಿಂತು ನೋಡುವ ನೀರು ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೂಳೆಕೆರೆಗೆ ಕರೆದುಕೊಂಡು ಹೋದಾಗ, ಏರಿಯ ಮೇಲೆ ನಿಂತು ಸೆರಗು ಹಾರಿಸಿಕೊಂಡು, "ಇದಕ್ಕಿಂತ ದೊಡ್ಡದು ಇರಾಕೆ ಸಾಧ್ಯ ಇಲ್ಲ ಬಿಡ್ರಿ" ಎಂದಿದ್ದೆ. ನಮ್ಮ ಮನೆಯಲ್ಲಿ ನಿಜವಾದ ಸಮುದ್ರ ಬಲ್ಲವಳು ಒಬ್ಬಳೇ, ನನ್ನ ಓರಗಿತ್ತಿ. ಮೈದುನ ಕುಮಟಾ ಕಡೆ ಶಾಲೆ ಮೇಷ್ಟರಾಗಿದ್ದಾಗ ಅಲ್ಲೇ ಒಪ್ಪಿ ಮಾಡಿಕೊಂಡ ಹೆಣ್ಣು. ವರ್ಗವಾಗಿ ಬಂದು ಇಬ್ಬರೂ ನಮ್ಮ ಜೊತೆಗೇ ಇದ್ದರು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವ ಹುಡುಗಿ. ಆದರೆ ಸುಳ್ಳು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅನ್ನ ಚೆನ್ನಾಗಿದೆಯಾ ಎಂದರೆ "ಗಂಜಿಯಾದ್ರೆ ಚಲೋ ಇತ್ತು" ಎನ್ನುತ್ತಿದ್ದಳು.

ದಪ್ಪ ಮಾದರಪಾಟು ಬಟ್ಟೆ ತಂದು, ಅಗಲಕ್ಕೆ ಜೋಡಿಸಿ ಹೊಲಿದು, ಪಡಸಾಲೆಯ ಗೋಡೆಗೆ ಬಿಗಿದರು. ಮೇಲೊಂದು ಕೆಳಗೊಂದು ಬಿದಿರು ಗಳ. ಹುಣಸೆ ಅಂಟಿಗೆ ಸುಣ್ಣದಕಲ್ಲಿನ ಪುಡಿ ಕಲಸಿ ಬಟ್ಟೆಗೆ ಬಳಿದರು. ಒಣಗಿದ ಮೇಲೆ ಅದು ರೊಟ್ಟಿಯಂತೆ ಸೆಟೆದು, ತಟ್ಟಿದರೆ ಸದ್ದು ಮಾಡಿತು. ಅಟ್ಟದ ಮೇಲಿನ ಗಂಟು ಇಳಿಯಿತು.

ಮಾವ ಬರೆದದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತಾ, ಅಕ್ಕಿ ಆರಿಸುತ್ತಾ ದಿನವೂ ನೋಡಿದೆ. ಸಮುದ್ರದ ನೀಲಿಗೆ ಬಟ್ಟೆಗೆ ಹಾಕುವ ನೀಲಿ. ಅದನ್ನು ಒಂದೇ ಸಲ ಬಳಿಯಲಿಲ್ಲ. ತೆಳ್ಳಗೆ ಒಮ್ಮೆ, ಅದು ಆರಿದ ಮೇಲೆ ಇನ್ನೊಮ್ಮೆ, ಕೆಲವು ಕಡೆ ಮಾತ್ರ ಮತ್ತೊಮ್ಮೆ. ಹಾಗೆ ಪದರ ಪದರವಾಗಿ ಬಂದಾಗ ಮೇಲಿನ ನೀರಿನ ಕೆಳಗೆ ಇನ್ನೊಂದು ನೀರು ಇದ್ದಂತೆ ಆಯಿತು. ನೊರೆಗೆ ಕುಂಚ ಮುಟ್ಟಲೇ ಇಲ್ಲ. ಹಳೆಯ ಗೋಣಿಯ ತುಂಡನ್ನು ಸುಣ್ಣದಲ್ಲಿ ಅದ್ದಿ, ಹಿಂಡಿ, ಬಟ್ಟೆಗೆ ಒತ್ತಿ ಒತ್ತಿ ತೆಗೆದರು. ನಡುಗುವ ಕೈ ಒತ್ತಿದಲ್ಲೆಲ್ಲ ನೊರೆ ಒಂದರ ಪಕ್ಕ ಒಂದು ಚೂರಾಗಿ ಒಡೆದಂತೆ ಕಂಡಿತು. ನೆಟ್ಟಗಿನ ಕೈಗೆ ಆ ನೊರೆ ಬರುತ್ತಿರಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ದಡದ ಒದ್ದೆ ಮರಳಿಗೆ ಕೆಮ್ಮಣ್ಣಿನಲ್ಲಿ ಚೂರು ನೀಲಿ ಬೆರೆಸಿ, ಮೇಲೆ ತೆಳುವಾಗಿ ಬರೀ ಅಂಟನ್ನು ಸವರಿದರು. ಅದು ಹೊಳೆಯಿತು. ನಮ್ಮ ಮಗು ಹೋಗಿ ಕೈಯಿಟ್ಟು, ಕೈ ಒಣಗಿಯೇ ಇದ್ದದ್ದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು.

ಮೇಲ್ಗಡೆ ಕೆಂಪು ಸೂರ್ಯ. ಅದರಿಂದ ನೀರಿನ ಮೇಲೆ ಕೆಳಗಿನ ತನಕ ಬಂದ ಕೆಂಪು ದಾರಿ. ಒಂದು ಕಪ್ಪು ದೋಣಿ, ಅದರಲ್ಲಿ ಬೆನ್ನು ಕಾಣುವ ಒಬ್ಬ ಮನುಷ್ಯ, ದೂರಕ್ಕೆ ಹೊರಟವನು. ನೀರು ಮುಗಿಯುವ ಕಡೆ, ಆಚೆ, ಅಡ್ಡಕ್ಕೆ ಕಲ್ಲು ಕಟ್ಟಿದ ಒಂದು ಗೆರೆ. ಅದರ ನಡುವೆ ಸಣ್ಣದೊಂದು ಮಂಟಪ.

ಅಷ್ಟು ಮುಗಿದ ದಿನ ಮಾವ ಓರಗಿತ್ತಿಯನ್ನು ಕರೆದರು. "ನೋಡವ್ವ, ನಿಮ್ಮೂರು ಬಂದೈತೇನು?"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ನೊರೆಯ ಮುಂದೆ ಬಹಳ ಹೊತ್ತು ನಿಂತಳು. ಮರಳಿನ ಮುಂದೆ ನಿಂತಳು. ಆಮೇಲೆ ಆಚೆಯ ಗೆರೆ ತೋರಿಸಿ, "ಮಾವ, ಅದು ಎಂತದು?" ಎಂದಳು.

"ಏರಿ."

"ಆ ಮಂಟಪ?"

"ತೂಬಿಂದು. ನೀರು ಬಿಡಾಕೆ ಬ್ಯಾಡೇನು?"

ಅವಳು ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಬಂತು. "ಸಮುದ್ರಕ್ಕೆ ಏರಿ ಇರೂದಿಲ್ಲ ಮಾವ. ಆಚೆ ಎಂತದೂ ಇಲ್ಲ."

"ಏರಿ ಇಲ್ದೆ ನೀರು ಹೆಂಗೆ ನಿಲ್ಲುತ್ತೆ?"

"ನಿಲ್ಲೂದಿಲ್ಲ. ಬರ್ತದೆ, ಹೋಗ್ತದೆ."

ನಾನೂ ಅಕ್ಕಿ ಮೊರ ಕೆಳಗಿಟ್ಟು ಬಂದೆ. ನಿಜ ಹೇಳಬೇಕೆಂದರೆ ನನಗೂ ಆ ಏರಿಯಲ್ಲಿ ತಪ್ಪು ಕಂಡಿರಲಿಲ್ಲ. ಕೆರೆಯ ನೆಲದವರು ನಾವು. ಯಾರೋ ಹಿರಿಯರು ಕಟ್ಟಿ ಹಿಡಿದದ್ದರಿಂದಲೇ ನೀರು ನೀರಾಗಿ ಉಳಿದಿದೆ ಎಂದು ತಿಳಿದವರು. ಹಿಡಿಯುವವರೇ ಇಲ್ಲದೆ ಅಷ್ಟು ನೀರು ಸುಮ್ಮನೆ ಬಿದ್ದಿದೆ ಎಂದರೆ ಮನಸ್ಸು ಒಪ್ಪುವುದಿಲ್ಲ. ಮಾವ ಅಂದೂ ಮಾರನೆಯ ದಿನವೂ ಕುಂಚ ಮುಟ್ಟದೆ ಪರದೆಯ ಮುಂದೆ ಕೂತಿದ್ದರು. "ಆ ಕಡೆ ಏನೂ ಇಲ್ದಿದ್ರೆ ಕಣ್ಣು ಎಲ್ಲಿ ಹೋಗಿ ಕುಂತ್ಕಬೇಕು?" ಎಂದು ತಮಗೆ ತಾವೇ ಕೇಳಿಕೊಂಡರು. ಕಡೆಗೆ ಒದ್ದೆ ಬಟ್ಟೆ ತೆಗೆದುಕೊಂಡು ಮಂಟಪದ ಸಮೇತ ಏರಿಯನ್ನು ಉಜ್ಜಿದರು. ಅದು ಪೂರ್ತಿ ಹೋಗಲಿಲ್ಲ. ಬೂದಿಬಣ್ಣ ನೀಲಿಯೊಳಕ್ಕೆ ಹರಡಿ, ನೀರು ಎಲ್ಲಿ ಮುಗಿಯಿತು ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಒಂದು ಮಬ್ಬು ಉಳಿಯಿತು. ಓರಗಿತ್ತಿ ಅದನ್ನು ನೋಡಿ ನಗಲಿಲ್ಲ. "ಈಗ ಬಂತು" ಎಂದಳು, ಮೆಲ್ಲಗೆ.

ಇಡೀ ಚಿತ್ರದಲ್ಲಿ ನನಗೆ ಬಹಳ ಪ್ರೀತಿ ಆ ಮಬ್ಬಿನ ಮೇಲೇ. ಕೆಲಸವೆಲ್ಲ ಮುಗಿದು ಕಾಲು ಚಾಚಿ ಕೂತಾಗ ಅದನ್ನು ನೋಡಿದರೆ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ನಮ್ಮ ಏರಿಯೇ ಕರಗಿ ಹಾಗಾಗಿದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಪರದೆ ಸ್ಟುಡಿಯೊಗೆ ಹೋಯಿತು. ಸಂತೆಯ ದಿನ ಬಂದವರು ಫೋಟೊ ಬೇಡದಿದ್ದರೂ ಒಳಗೆ ಇಣುಕಿ ಹೋಗುತ್ತಿದ್ದರು. ಹೊನ್ನಾಳಿಯಿಂದ ಬಂದ ಒಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತರು. ಮಾವ ಜಗುಲಿಯಿಂದ ಎದ್ದು ಸ್ಟುಡಿಯೊದ ಬೆಂಚಿನ ಮೇಲೆ ಕೂರಲು ಶುರು ಮಾಡಿದರು. ಚಹದ ಬಟ್ಟಲು ಟಕಟಕ ಎನ್ನುವುದು ನಿಲ್ಲಲಿಲ್ಲ. ಆದರೆ ಅದನ್ನು ಮರೆಮಾಡಲು ಅವರು ಗೋಡೆಯ ಕಡೆ ತಿರುಗಿ ಕುಡಿಯುವುದು ನಿಂತಿತು.

ನಮ್ಮ ಕಡೆ ಮದುವೆಯಾದ ಮೇಲೆ ಗಂಡು ಹೆಣ್ಣನ್ನು ಪೇಟೆಗೆ ಕರೆತಂದು ಜೋಡಿ ಫೋಟೊ ತೆಗೆಸುವುದು ವಾಡಿಕೆ. ಜೊತೆಗೆ ಹತ್ತಾರು ಜನ ಬರುತ್ತಾರೆ. ಹೆಣ್ಣಿನ ತಲೆ ಬಾಚಿ, ಹೂ ಸರಿಮಾಡಿ, ಪೌಡರು ಹಚ್ಚುವ ಕೆಲಸ ನನ್ನದೂ ಓರಗಿತ್ತಿಯದೂ. ನ್ಯಾಮತಿಯಿಂದ ಒಂದು ದಿಬ್ಬಣ ಬಂದಿತ್ತು. ಗಂಡಿನ ದೊಡ್ಡಪ್ಪ ಪರದೆಯ ಮುಂದೆ ಕೈಕಟ್ಟಿ ನಿಂತು ಬಹಳ ಮೆಚ್ಚಿದರು. ಮೆಚ್ಚುತ್ತಲೇ ಓರಗಿತ್ತಿಯ ಕಡೆ ತಿರುಗಿ, "ಸೂರ್ಯ ಹುಟ್ತಾ ಐತಲ್ಲೇನಮ್ಮ?" ಎಂದರು.

ಅವಳು ಬಾಚಣಿಗೆ ಕೈಯಲ್ಲಿ ಹಿಡಿದು, "ಇಲ್ರೀ, ನಮ್ಮ ಬದಿ ಸಮುದ್ರದಲ್ಲಿ ಸೂರ್ಯ ಹುಟ್ಟೂದಿಲ್ಲ. ಮುಳುಗೂದೊಂದೇ" ಎಂದಳು.

ದೊಡ್ಡಪ್ಪನ ಕೈಕಟ್ಟು ಬಿಚ್ಚಿತು. "ಹೊಸ ಜೋಡೀನ ಮುಳುಗೋ ಸೂರ್ಯನ ಮುಂದೆ ಕುಂಡ್ರಿಸ್ತೀರೇನ್ರೀ?"

"ಬೆಳಗಿಂದೇ ಬರೆದಿರೋದು, ನಾನೇ ಬರೆದಿರೋದು" ಎಂದರು ಮಾವ ಬೆಂಚಿನಿಂದ ಎದ್ದು. ಸೂಳೆಕೆರೆ ಏರಿಯ ಮೇಲೆ ಎಳೆಬಿಸಿಲಿನಲ್ಲಿ ಕೂತು ನೋಡಿದ ಸೂರ್ಯನೇ ಅದು. ಆದರೆ ದೊಡ್ಡಪ್ಪನಿಗೆ ಆ ಸೂರ್ಯ ಬೇಕಾಗಿರಲಿಲ್ಲ. "ನಿಮ್ಮ ಸೊಸೀನೇ ಹೇಳ್ತಾ ಐತಲ್ರೀ" ಎಂದರು. ತೇಪೆಯ ಅರಮನೆಯನ್ನೇ ಇಳಿಬಿಡಿಸಿ ಫೋಟೊ ತೆಗೆಸಿಕೊಂಡು ಹೋದರು.

ಮಾತು ಬಸ್ಸು ಹತ್ತಿ ಹೋಗುತ್ತದೆ. ಆ ಲಗ್ನದ ಕಾಲದಲ್ಲಿ ಬಂದವರೆಲ್ಲ ಬಾಗಿಲಲ್ಲೇ, "ಮುಳುಗೋ ಸೂರ್ಯಂದು ಬ್ಯಾಡ್ರೀ, ಅರಮನೇದು ಹಾಕ್ರಿ" ಎನ್ನತೊಡಗಿದರು. ಒಬ್ಬ ಮದುಮಗ ತಮಾಷೆಗೆ, "ನಂದು ಇವತ್ತಿಂದ ಹೆಂಗೂ ಮುಳುಗ್ತು, ಅದನ್ನೇ ಹಾಕ್ರಿ" ಎಂದದ್ದಕ್ಕೆ ಅವನ ಅತ್ತೆ ತಲೆಯ ಮೇಲೆ ಮೊಟಕಿದಳು. ಸಮುದ್ರವನ್ನು ಸುತ್ತಿ ಮೇಲಕ್ಕೆ ಕಟ್ಟಿದರು.

"ಅಪ್ಪಾ, ಸೂರ್ಯನ್ನ ಅಳಿಸಿಬಿಡು, ಅಷ್ಟೇ ಸಾಕು" ಎಂದರು ಇವರು.

"ಅದನ್ನ ಅಳಿಸಿದ್ರೆ ನೀರಿಗೆ ಬೆಳಕು ಎಲ್ಲಿಂದ ಬಂತು ಅಂತ ಹೇಳ್ತೀಯ?" ಎಂದು ಮಾವ ಮತ್ತೆ ಜಗುಲಿಗೆ ಹೋದರು. ಚಹ ಕೊಟ್ಟಾಗ ಗೋಡೆಯ ಕಡೆ ತಿರುಗಿದರು.

ಓರಗಿತ್ತಿ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ. "ಅಕ್ಕಾ, ನಾನು ಸುಮ್ನೆ ಹೌದು ಅಂದಿದ್ರೆ ಆಗ್ತಿತ್ತು" ಎಂದಳು. ನಾನು, "ನಿನಗೆ ಬರದೇ ಇರೋ ಕೆಲಸ ಅದು" ಎಂದೆ. ಅಂದು ಸಂಜೆ ಅವಳೇ ಜಗುಲಿಗೆ ಹೋಗಿ ಮಾವನ ಹತ್ತಿರ ಕೂತಳು. ನಾನು ಒಳಗೆ ದೀಪದ ಬತ್ತಿ ಹೊಸೆಯುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನಿಮ್ಮೂರಾಗೆ ಸೂರ್ಯ ಮುಳುಗೋವಾಗ ಜನ ಏನು ಮಾಡ್ತಾರವ್ವ?" ಎಂದು ಮಾವ ಕೇಳಿದರು.

"ಕಾಯ್ತಾರೆ. ಆ ಹೊತ್ತಿಗೆ ದೋಣಿ ಎಲ್ಲ ದಡಕ್ಕೆ ಬರ್ತವೆ. ನಮ್ಮ ಅಪ್ಪನ ದೋಣಿ ಕಂಡದ್ದೇ ಅಮ್ಮ ದೀಪ ಹಚ್ಚೂದು. ಇಡೀ ದಿನದಲ್ಲಿ ನಮ್ಗೆ ಅದೇ ಚಲೋ ಹೊತ್ತು, ಮಾವ."

ನಾನು ಬತ್ತಿ ಹಿಡಿದು ಹೊರಗೆ ಬಂದು ಹೊಸ್ತಿಲ ಬಳಿ ದೀಪ ಇಟ್ಟೆ. ನಮ್ಮಲ್ಲೂ ಆ ಹೊತ್ತಿಗೆ ಕಸ ಗುಡಿಸುವುದಿಲ್ಲ, ಮುಂಬಾಗಿಲು ಹಾಕುವುದಿಲ್ಲ, ಲಕ್ಷ್ಮಿ ಬರುವ ಹೊತ್ತು ಎನ್ನುತ್ತೇವೆ. ಮಾವ ದೀಪ ನೋಡಿದರು, ಅವಳನ್ನು ನೋಡಿದರು. "ಹಂಗಾದ್ರೆ ನಮ್ಮ ದೋಣಿಯೋನು ತಪ್ಪು ದಾರಿ ಹಿಡಿದಾನೆ" ಎಂದರು.

ಮಾರನೆಯ ದಿನ ಪರದೆ ಬಿಚ್ಚಿಸಿ, ದೋಣಿಯ ಮೂತಿಯನ್ನು ದಡದ ಕಡೆ ತಿರುಗಿಸಿದರು. ಬೆನ್ನು ಇದ್ದಲ್ಲಿ ಎದೆ ಬಂತು, ತಲೆ ಇದ್ದಲ್ಲಿ ಸಣ್ಣದೊಂದು ಮುಖ, ಕಡಲೆಕಾಳಿನಷ್ಟು. ಕೈ ನಡುಗಿ ಆ ಮುಖಕ್ಕೆ ಬಾಯಿ ಸ್ವಲ್ಪ ಅಗಲವಾಯಿತು. ಅವನು ನಗುತ್ತಾ ಬರುವಂತೆ ಆಯಿತು. ಅದನ್ನು ಯಾರೂ ತಿದ್ದಲಿಲ್ಲ. ಇವರು ಮಾತ್ರ, "ಸೂರ್ಯ ಹಂಗೇ ಐತಲ್ಲಪ್ಪ" ಎಂದು ಮತ್ತೆ ಸುತ್ತಿ ಕಟ್ಟಿದರು.

ಲಗ್ನದ ಕಾಲ ಮುಗಿಯುವ ಹೊತ್ತಿಗೆ ಗೋವಿನಕೋವಿಯಿಂದ ಒಬ್ಬ ಅಜ್ಜಿ ಮೊಮ್ಮಗನನ್ನೂ ಅವನ ಹೊಸ ಹೆಂಡತಿಯನ್ನೂ ಕರೆದುಕೊಂಡು ಬಂದಳು. ಬಾಯಲ್ಲಿ ಎಲೆಅಡಿಕೆ, ಸೊಂಟಕ್ಕೆ ಸಂಚಿ, ಎಲ್ಲದಕ್ಕೂ ಒಂದು ಮಾತು. ಅರಮನೆ ಇಳಿಬಿಟ್ಟದ್ದೇ, "ಇದೇನ್ರೀ, ಅರಮನೆಗೆ ತೇಪೆ ಹಾಕೀರಿ? ನಮ್ಮನೆ ದನದ ಕೊಟ್ಟಿಗೇನೇ ಇದಕ್ಕಿಂತ ಪಸಂದಾಗೈತೆ. ಮ್ಯಾಲೆ ಸುತ್ತಿರೋದು ಏನದು?" ಎಂದಳು.

"ಅದು ಬ್ಯಾಡಜ್ಜಿ. ಮುಳುಗೋ ಸೂರ್ಯ" ಎಂದರು ಇವರು.

"ಬಿಡ್ರಿ ನೋಡಾನ."

ಇವರು ಹಗ್ಗ ಬಿಟ್ಟರು. ಸಮುದ್ರ ಸರಸರ ಬಿಚ್ಚಿಕೊಂಡು ಇಳಿಯಿತು. ಅಜ್ಜಿ ಎಲೆಅಡಿಕೆ ಅಗಿಯುವುದು ನಿಂತಿತು. ಮೇಲಿಂದ ಕೆಳಗಿನ ತನಕ ಕಣ್ಣಾಡಿಸಿ, ದೋಣಿಯ ಹತ್ತಿರ ಬಗ್ಗಿದಳು.

"ಇವನ್ಯಾರು, ಹಲ್ಲು ಬಿಟ್ಕಂಡು ಬರ್ತಾನೆ?"

"ಸಂಜಿಗೆ ಮನೆಗೆ ಬರೋನು" ಎಂದರು ಮಾವ. ಜಗುಲಿಯಿಂದ ಯಾವಾಗ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರೋ, ನಾನು ನೋಡಿರಲಿಲ್ಲ. ಬೆಳಗು ಎಂದು ವಾದಿಸಲಿಲ್ಲ. ಓರಗಿತ್ತಿ ತಲೆ ಬಗ್ಗಿಸಿಕೊಂಡು ಹೆಣ್ಣಿನ ಸೆರಗಿಗೆ ಪಿನ್ನು ಹಾಕುತ್ತಿದ್ದಳು. ಪಿನ್ನು ಸೇರುತ್ತಿರಲಿಲ್ಲ.

"ಮತ್ತೆ ಒಳ್ಳೇದೇ ಆತಲ್ಲ," ಎಂದಳು ಅಜ್ಜಿ. "ಈ ಹುಡುಗಂದು ಗೋಧೂಳಿ ಲಗ್ನ. ಸೂರ್ಯ ಯಾವಾಗ ಮುಳುಗ್ತಾನಪ್ಪಾ, ದನ ಯಾವಾಗ ಮನೀಗೆ ಬರ್ತಾವಪ್ಪಾ ಅಂತ ಅಕ್ಷತೆ ಹಿಡ್ಕಂಡು ಕುಂತಿದ್ವಿ. ನಂದೂ ಗೋಧೂಳೀನೇ. ಆ ಹೊತ್ತು ಕೆಟ್ಟದ್ದಾಗಿದ್ರೆ ಐನೋರು ಲಗ್ನ ಯಾಕೆ ಇಡ್ತಿದ್ರು? ಎಲ್ರೂ ಮನೆ ಸೇರೋ ಹೊತ್ತು ಅದು. ಹೂಂ, ಕುಂತ್ಕಳ್ರಿ ಇಬ್ರೂ."

ಮೊಮ್ಮಗ, "ಅಜ್ಜಿ, ಜನ ಏನಂತಾರೋ..." ಎಂದು ರಾಗ ಎಳೆದ.

"ಜನಕ್ಕೆ ನನ್ನ ತೋರ್ಸು. ಗೋಧೂಳೀಲಿ ಧಾರೆ ಎರೆಸ್ಕಂಡೋಳು ಹೆಂಗೈದಾಳೆ ನೋಡ್ಕಳ್ಲಿ" ಎಂದು ತಾನೂ ಹೋಗಿ ಜೋಡಿಯ ಹಿಂದೆ, ನಟ್ಟ ನಡುವೆ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಜೋಡಿ ಫೋಟೊದಲ್ಲಿ ಮೂರನೆಯವರು ನಿಲ್ಲುವ ಪದ್ಧತಿ ಇಲ್ಲವೆಂದು ಇವರು ಹೇಳಲು ಹೊರಟವರು ಕರಿಬಟ್ಟೆಯೊಳಗೆ ತಲೆ ತೂರಿಸಿದರು. "ಅಲ್ಲಾಡಬ್ಯಾಡ್ರಿ" ಎಂದರು. ಮಾವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು, ತಮಗೇ ಹೇಳಿದರೇನೋ ಎಂಬಂತೆ.

ಫೋಟೊ ತೊಳೆದು ಒಣಗಿದ ಮೇಲೆ ಇವರು ಅದನ್ನು ಮೊದಲು ಮಾವನ ಕೈಗೇ ಕೊಟ್ಟರು. ಮಾವ ಬೆಳಕಿಗೆ ಹಿಡಿದರು. ಕಪ್ಪು ಬಿಳುಪಿನಲ್ಲಿ ನೀಲಿ ಹೋಗಿತ್ತು, ಕೆಂಪು ಹೋಗಿತ್ತು. ನೊರೆ ಇತ್ತು, ಒದ್ದೆ ಮರಳಿನ ಹೊಳಪು ಇತ್ತು, ದೂರದ ಆ ಮಬ್ಬು ಬಣ್ಣದಲ್ಲಿದ್ದುದಕ್ಕಿಂತ ಚೆನ್ನಾಗಿ ಬಂದಿತ್ತು. ಗಂಡು ಹೆಣ್ಣು ನಿಜಕ್ಕೂ ಎಲ್ಲೋ ಹೋಗಿ ಕೂತು ಬಂದವರಂತೆ ಕಾಣುತ್ತಿದ್ದರು.

"ಸೂರ್ಯ ಎಲ್ಲೋ?" ಎಂದರು ಮಾವ.

ನಾವೆಲ್ಲ ಬಗ್ಗಿ ನೋಡಿದೆವು. ಸೂರ್ಯ ಇರಬೇಕಾದಲ್ಲಿ ಅಜ್ಜಿಯ ತಲೆ ಇತ್ತು. ಸೆರಗಿನ ಅಂಚಿನ ಸುತ್ತ ಚೂರು ಬೆಳ್ಳಗೆ ಕಂಡಿತು, ಅಷ್ಟೇ. ಮೊದಲು ನಕ್ಕವಳು ಓರಗಿತ್ತಿ. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಮುಳುಗಲಿಲ್ಲ, ಹುಟ್ಟಲಿಲ್ಲ, ಅಜ್ಜಿ ಹಿಂದೆ ಕುಂತಾನೆ" ಎಂದರು.

ಆ ಫೋಟೊದ ಇನ್ನೊಂದು ಪ್ರತಿ ಮಾಡಿ ಸ್ಟುಡಿಯೊದ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನೋಡಿದವರು ಅಜ್ಜಿ ಯಾರೆಂದು ಕೇಳುತ್ತಿದ್ದರು, ಗೋಧೂಳಿ ಲಗ್ನದ ಮಾತು ಬರುತ್ತಿತ್ತು. ಮೊದಲು ಗೋಧೂಳಿಯವರು, ಆಮೇಲೆ ಯಾವ ಲಗ್ನದವರೂ, "ಆ ದೋಣಿ ಇರೋದೇ ಹಾಕ್ರಿ" ಎನ್ನತೊಡಗಿದರು. ಒಬ್ಬಿಬ್ಬರು ಕಡೆಯ ತನಕ ಒಪ್ಪಲಿಲ್ಲ. ಅವರಿಗೆಂದು ತೇಪೆಯ ಅರಮನೆಯೂ ಉಳಿಯಿತು.

ಆ ಅರಮನೆಯಿಂದಲೇ ಮುಂದಿನದು ಶುರುವಾದದ್ದು. ಒಂದು ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಚಹದ ಬಟ್ಟಲು, ಬಸಿಯ ಮೇಲೆ ಅದರ ಟಕಟಕ.

"ಅವ್ವ, ಆ ತೇಪೆ ನೋಡಾಕಾಗಲ್ಲ. ಅದರ ಮ್ಯಾಲೆ ಒಂದು ಮೋಡ ಬರೀಬೇಕು ಅಂತೀನಿ. ಮೋಡಕ್ಕೆ ನೆಟ್ಟಗಿನ ಗೆರೆ ಬೇಕಿಲ್ಲ."

"ಅರಮನೆ ಒಳಗೆ ಮೋಡನಾ ಮಾವ?"

"ಸೂರು ಸೋರ್ತಾ ಐತೆ ಅಂದ್ಕ. ನೀನು ಹುಣಸೆ ಬೀಜ ನೆನೆಹಾಕು."